ನೀರುಹುಳ ನೋಡಿ ಕೆರೆಯ ಆರೋಗ್ಯ ತಿಳಿಯುವುದು ಹೇಗೆ: ಬಲೆಯಿಂದ ಲೆಕ್ಕದವರೆಗೆ

ಕೆರೆ ನೀರು ಹೇಗಿದೆ ಅಂತ ಗೊತ್ತಾಗಬೇಕಾದರೆ ಹೆಚ್ಚಿನವರು ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕಳಿಸುತ್ತಾರೆ. ಅದು ಬೇಕು. ಆದರೆ ಬಾಟಲಿಗೆ ಗೊತ್ತಿರುವುದು ಅದನ್ನು ತುಂಬಿದ ಹೊತ್ತಿನ ವಿಷಯ ಮಾತ್ರ. ಹಸಿರು ಪಾಚಿ ಕಟ್ಟಿಕೊಂಡ ಕೆರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆಮ್ಲಜನಕ ಅಳೆದು ನೋಡಿ, ಒಳ್ಳೆ ಕೆರೆಗಿಂತ ಜಾಸ್ತಿಯೇ ಬರಬಹುದು, ಯಾಕೆಂದರೆ ಬಿಸಿಲು ಇರುವಷ್ಟು ಹೊತ್ತು ಪಾಚಿ ಆಮ್ಲಜನಕ ಬಿಡುತ್ತಲೇ ಇರುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಬೆಳಗಿನ ಜಾವಕ್ಕೆ ನೀರಲ್ಲಿ ಏನೂ ಉಳಿದಿರುವುದಿಲ್ಲ. ರಾಶಿ ಮೀನು ಸತ್ತು ತೇಲುವ ಸುದ್ದಿ ಬಹಳ ಸಲ ಬೆಳಿಗ್ಗೆಯೇ ಬರುವುದು ಇದಕ್ಕೇ.

ಆ ಹೊತ್ತಿಗೆ ಬಾಟಲಿ ಹಿಡಿದು ಯಾರೂ ನಿಂತಿರುವುದಿಲ್ಲ. ಹುಳಗಳು ಮಾತ್ರ ಅಲ್ಲೇ ಇರುತ್ತವೆ. ಮೇಫ್ಲೈ ಅನ್ನುವ ಸಣ್ಣ ಕೀಟದ ಮರಿ, ಏರೋಪ್ಲೇನ್ ಚಿಟ್ಟೆಯ ಮರಿ ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಅದೇ ನೀರಲ್ಲಿ ಕಳೆಯಬೇಕು. ಒಂದು ರಾತ್ರಿ ಕೆಟ್ಟರೂ ಅವುಗಳಿಗೆ ಬೇರೆ ಕಡೆ ಹೋಗಲು ಆಗುವುದಿಲ್ಲ. ಹಾಗಾಗಿ ಇವತ್ತು ನಿಮ್ಮ ಬಲೆಗೆ ಬಿದ್ದ ಮೇಫ್ಲೈ ಮರಿ ಹಿಂದಿನ ಹಲವು ರಾತ್ರಿಗಳನ್ನು ದಾಟಿ ಬಂದದ್ದು.

ಇಡೀ ಕೆಲಸದಲ್ಲಿ ಒಂದೇ ಪ್ರಶ್ನೆ ಮನಸ್ಸಲ್ಲಿಟ್ಟುಕೊಳ್ಳಿ: ಈ ಹುಳ ಉಸಿರು ಎಲ್ಲಿಂದ ತೆಗೆದುಕೊಳ್ಳುತ್ತದೆ? ನೀರಿನ ಒಳಗಿನಿಂದಲೋ, ಮೇಲಿನ ಗಾಳಿಯಿಂದಲೋ? ಟ್ರೇ ತುಂಬ ಹುಳ ಓಡಾಡುತ್ತಿದ್ದರೆ ಕೆರೆ ಚೆನ್ನಾಗಿದೆ ಅಂದುಕೊಳ್ಳುವುದು ಸುಲಭ. ಆದರೆ ಅವೆಲ್ಲ ಮೇಲೆ ಬಂದು ಗಾಳಿ ಕುಡಿದು ಹೋಗುವ ಜಾತಿಯವಾದರೆ ನೀರಲ್ಲಿ ಆಮ್ಲಜನಕ ಇದೆಯೋ ಇಲ್ಲವೋ ಅನ್ನುವುದಕ್ಕೆ ಅವು ಸಾಕ್ಷಿ ಹೇಳಲಾರವು.

ಯಾವಾಗ ಹೋಗಬೇಕು

ಮಳೆ ಜೋರಾಗಿರುವಾಗ ಬೇಡ. ನೀರು ಏರುತ್ತಾ ಇರುತ್ತದೆ, ಹುಳ ಚದುರಿರುತ್ತವೆ, ಕಾಲುವೆಯಿಂದ ಕೊಚ್ಚಿಕೊಂಡು ಬಂದವೂ ಸೇರಿಕೊಂಡಿರುತ್ತವೆ. ಹಳೇ ಮೈಸೂರು ಕಡೆ, ಬೆಂಗಳೂರು, ಕೋಲಾರ, ತುಮಕೂರಿನಲ್ಲಿ ಹಿಂಗಾರು ಮುಗಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಒಂದು ಸಲ, ಮತ್ತೆ ಫೆಬ್ರವರಿ ಅಥವಾ ಮಾರ್ಚ್ ಮೊದಲಲ್ಲಿ ಇನ್ನೊಂದು ಸಲ ಮಾಡಿ. ಮಲೆನಾಡಿನಲ್ಲಿ ಅಕ್ಟೋಬರ್ ಕೊನೆಗೇ ಶುರು ಮಾಡಬಹುದು.

ಬೇಸಿಗೆಯಲ್ಲಿ ಪೂರ್ತಿ ಒಣಗಿ ಮತ್ತೆ ತುಂಬಿದ ಕೆರೆಯಾದರೆ ಕಡಿಮೆ ಅಂದರೂ ಎರಡು ತಿಂಗಳು ಕಾಯಿರಿ. ಹೊಸ ನೀರಿಗೆ ಮೊದಲು ಬರುವುದು ಹಾರಿ ಬರುವ ಜಾತಿಗಳು. ಈಜು ತಿಗಣೆ, ಜೀರುಂಡೆ, ಕೊಳೆ ಕೆಸರಲ್ಲೂ ಬದುಕುವ ಕೆಂಪು ಹುಳದ ತಾಯಿಯಾದ ಸೊಳ್ಳೆಯಂಥ ನೊಣ, ಮಳೆ ಜೊತೆಗೆ ಹಿಂಡುಹಿಂಡಾಗಿ ಬರುವ ಹಳದಿ ಏರೋಪ್ಲೇನ್ ಚಿಟ್ಟೆ. ಆಗ ಎಣಿಸಿದರೆ ಒಳ್ಳೆ ಕೆರೆಯೂ ಕೆಟ್ಟದಾಗಿ ಕಾಣುತ್ತದೆ.

ಹೊತ್ತು ಬೆಳಿಗ್ಗೆ ಎಂಟರಿಂದ ಹನ್ನೊಂದು. ಪ್ರತಿ ಸಲ ಅದೇ ಹೊತ್ತಿಗೆ ಹೋಗಿ.

ಏನೇನು ಬೇಕು

ಮುಖ್ಯವಾದದ್ದು ಬಲೆ. ಬಾಯಿ ಅರ್ಧಚಂದ್ರದ ಆಕಾರದಲ್ಲಿರಬೇಕು, ಚಪ್ಪಟೆ ಕಡೆ ಕೆಳಗೆ ಬರಬೇಕು, ಆಗ ತಳದ ಮೇಲೆ ಸರಿಯಾಗಿ ಕೂರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಆರು ಮಿಲಿಮೀಟರ್ ಕಬ್ಬಿಣದ ಸರಳು ಕೊಟ್ಟರೆ ಬಗ್ಗಿಸಿ ಕೊಡುತ್ತಾರೆ. ಬಾಯಿಯ ಅಗಲ 25ರಿಂದ 30 ಸೆಂಟಿಮೀಟರ್, ಚೀಲದ ಆಳ 40ರಿಂದ 50, ಒಂದೂವರೆ ಮೀಟರ್ ಬಿದಿರಿನ ಹಿಡಿ. ಚೀಲಕ್ಕೆ ಸೊಳ್ಳೆಪರದೆ ಬಟ್ಟೆ ಹಾಕಬೇಡಿ. ಅದರ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದು, ಸಣ್ಣ ಮೇಫ್ಲೈ ಮರಿಗಳು ಜಾರಿ ಹೋಗುತ್ತವೆ, ನಮಗೆ ಬೇಕಾದದ್ದೇ ಅವು. ಅರ್ಧ ಮಿಲಿಮೀಟರ್ ಕಣ್ಣಿನ ನೈಲಾನ್ ಜಾಲರಿ ತನ್ನಿ. ಬಾಯಿ ಸುತ್ತ ದಪ್ಪ ಕ್ಯಾನ್ವಾಸ್ ಪಟ್ಟಿ ಹೊಲಿಸಿ, ಇಲ್ಲದಿದ್ದರೆ ಕಲ್ಲಿಗೆ ತಾಗಿ ಬೇಗ ಹರಿಯುತ್ತದೆ.

ಉಳಿದದ್ದೆಲ್ಲ ಮನೆಯಲ್ಲೇ ಸಿಗುತ್ತದೆ. ಎರಡು ಬಿಳಿ ಟ್ರೇ ಅಥವಾ ಅಗಲ ಬೇಸಿನ್, ಒಂದು ಬಕೆಟ್, ಟೀ ಸೋಸುವ ಜರಡಿ, ಪ್ಲಾಸ್ಟಿಕ್ ಚಮಚ, ಮೆತ್ತನೆ ಬಣ್ಣದ ಬ್ರಷ್, ಫ್ರಿಜ್ಜಿನ ಐಸ್ ಟ್ರೇ. ಐಸ್ ಟ್ರೇ ಬಹಳ ಉಪಯೋಗದ್ದು, ಒಂದೊಂದು ಗುಳಿಯಲ್ಲಿ ಒಂದೊಂದು ಬಗೆ ಹಾಕಿದರೆ ಒಂದನ್ನೊಂದು ತಿನ್ನುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದು. ಪೆನ್ಸಿಲ್, ನೋಟ್‌ಬುಕ್. ಪೆನ್ನು ಬೇಡ, ನೀರು ಬಿದ್ದರೆ ಹರಡುತ್ತದೆ.

ಇಳಿಯುವ ಮೊದಲು

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಕೇಳಿಕೊಳ್ಳಿ. ಪಂಚಾಯಿತಿ, ಸಣ್ಣ ನೀರಾವರಿ ಇಲಾಖೆ, ನಗರಪಾಲಿಕೆ, ಯಾರಾದರೂ ಇರುತ್ತಾರೆ. ಮೀನಿಗೆ ಗುತ್ತಿಗೆ ಕೊಟ್ಟಿದ್ದರೆ ಗುತ್ತಿಗೆದಾರರಿಗೂ ಒಂದು ಮಾತು ಹೇಳಿ, ಬಲೆ ಕಂಡರೆ ಮೀನು ಹಿಡಿಯಲು ಬಂದವರು ಅಂತ ಜಗಳಕ್ಕೆ ಬರುತ್ತಾರೆ. ರಂಗನತಿಟ್ಟು ಅಥವಾ 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಮಾಗಡಿ ಕೆರೆ, ಅಂಕಸಮುದ್ರದಂಥ ಪಕ್ಷಿಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನೀರಿಗೆ ಕೈ ಹಾಕಬೇಡಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಅನುಮತಿ ಇದ್ದರೂ ಬೇಡ.

ಒಬ್ಬರೇ ಇಳಿಯಬೇಡಿ. ತೂಬಿನ ಹತ್ತಿರ ಆಳ ಇರುತ್ತದೆ. ಅದಕ್ಕಿಂತ ಅಪಾಯ ಜೆಸಿಬಿಯಲ್ಲಿ ಹೂಳೆತ್ತಿದ ಗುಂಡಿಗಳು, ಮಂಡಿಯುದ್ದ ನೀರು ಅಂದುಕೊಂಡು ಹೆಜ್ಜೆ ಇಟ್ಟರೆ ತಲೆ ಮುಳುಗುವಷ್ಟು ಆಳ ಇರುತ್ತದೆ. ಕೋಲು ಊರಿ ನೋಡಿಯೇ ಕಾಲಿಡಿ. ಚರಂಡಿ ನೀರು ಬರುವ ಕೆರೆಯಾದರೆ ಗಮ್‌ಬೂಟು, ರಬ್ಬರ್ ಕೈಗವಸು ಕಡ್ಡಾಯ. ಕೈಕಾಲಲ್ಲಿ ಗಾಯ ಇದ್ದರೆ ಅವತ್ತು ದಡದಲ್ಲೇ ನಿಂತು ಬರೆದುಕೊಳ್ಳುವ ಕೆಲಸ ಮಾಡಿ. ಇಲಿಜ್ವರ ಬರುವುದು ಇಂಥ ನೀರಿನಿಂದಲೇ.

ಕೆರೆಯಲ್ಲಿ ಎಲ್ಲೆಲ್ಲಿ

ಕೆರೆ ಅಂದರೆ ಒಂದೇ ಜಾಗ ಅಲ್ಲವಲ್ಲ. ನಾಲ್ಕು ಕಡೆ ಆರಿಸಿಕೊಳ್ಳಿ: ಕಾಲುವೆ ಬಂದು ಸೇರುವ ಬಾಯಿ, ಕೆರೆ ಅಂಗಳದ ಕಡೆಯ ತೆಳು ನೀರು, ಏರಿಯ ಮಗ್ಗುಲು, ಕೋಡಿಯ ಹತ್ತಿರ. ಎರಡು ಕಾಲುವೆ ಇದ್ದರೆ ಎರಡೂ ಬಾಯಿ ಬೇಕು. ನಾಲ್ಕನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ, ಒಂದೇ ಬಕೆಟ್ಟಿಗೆ ಸುರಿಯಬೇಡಿ. ಕಾಲುವೆ ಬಾಯಲ್ಲಿ ಬರೀ ಕೆಂಪು ಹುಳ, ಕೋಡಿ ಹತ್ತಿರ ಮೇಫ್ಲೈ ಸಿಕ್ಕಿದರೆ ಕೊಳಚೆ ಎಲ್ಲಿಂದ ಬರುತ್ತಿದೆ, ಕೆರೆ ತನ್ನಷ್ಟಕ್ಕೆ ಅದನ್ನು ಎಷ್ಟು ದೂರದಲ್ಲಿ ತಿಳಿಯಾಗಿಸಿಕೊಳ್ಳುತ್ತಿದೆ ಅನ್ನುವುದು ಒಂದೇ ಬೆಳಿಗ್ಗೆಯಲ್ಲಿ ಗೊತ್ತಾಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡಿನ ಜೌಗಿನಲ್ಲಿ ಹರಿದು ಆಮೇಲೆ ಕೆರೆಗೆ ಸೇರುವ ಹಾಗೆ ಮಾಡಿದ್ದಾರೆ. ಅಂಥ ಕಡೆ ಜೌಗಿನ ಮೊದಲು, ಜೌಗಿನ ನಂತರ ಅಂತ ಎರಡು ಜಾಗ ಇಟ್ಟುಕೊಂಡರೆ ಜೊಂಡು ಎಷ್ಟು ಕೆಲಸ ಮಾಡುತ್ತಿದೆ ಅಂತಲೂ ತಿಳಿಯುತ್ತದೆ.

ಬಲೆ ಹಾಕುವುದು

ಬ್ರಿಟನ್ನಿನಲ್ಲಿ ಕೊಳಗಳ ಸಮೀಕ್ಷೆಗೆ ಮೂರು ನಿಮಿಷದ ಬಲೆ ಅನ್ನುವ ಕ್ರಮ ಇದೆ, ನಮಗೂ ಅದು ಸರಿಹೋಗುತ್ತದೆ. ಒಂದು ಜಾಗದಲ್ಲಿ ಒಟ್ಟು ಮೂರು ನಿಮಿಷ ಮಾತ್ರ ಬಲೆ ನೀರಲ್ಲಿ ಆಡಬೇಕು. ಆ ಮೂರು ನಿಮಿಷವನ್ನು ಅಲ್ಲಿರುವ ಬಗೆಬಗೆಯ ಆಸರೆಗಳಿಗೆ ಸಮವಾಗಿ ಹಂಚಿ. ನೀರೊಳಗಿನ ಗಿಡ, ಜೊಂಡಿನ ಬುಡ, ಕೊಳೆತ ಎಲೆ, ಕೆಸರು ತಳ, ಬಯಲು ನೀರು, ಹೀಗೆ. ಮೂರು ಬಗೆ ಇದ್ದರೆ ಒಂದೊಂದು ನಿಮಿಷ. ಫೋನಿನ ಸ್ಟಾಪ್‌ವಾಚ್ ಇನ್ನೊಬ್ಬರ ಕೈಯಲ್ಲಿರಲಿ, ಬಲೆ ಮೇಲೆತ್ತಿದ ಕೂಡಲೇ ನಿಲ್ಲಿಸಬೇಕು. ಕೊನೆಗೆ ಒಂದು ನಿಮಿಷ ಬಲೆ ಬಿಟ್ಟು ನೀರಿನ ಮೇಲ್ಮೈ, ಕಲ್ಲಿನ ಅಡಿ, ಎಲೆಯ ಅಡಿ ಕಣ್ಣಲ್ಲೇ ಹುಡುಕಿ.

ಗಿಡದ ನಡುವೆ ಬಲೆಯನ್ನು ಜೋರಾಗಿ ಹಿಂದೆ ಮುಂದೆ ಆಡಿಸಿ, ಹೋದ ದಾರಿಯಲ್ಲೇ ವಾಪಸ್ ತನ್ನಿ. ಮೊದಲ ಎಳೆತಕ್ಕೆ ಹುಳ ಗಿಡದಿಂದ ಬಿಡಿಸಿಕೊಳ್ಳುತ್ತವೆ, ಎರಡನೆಯದರಲ್ಲಿ ಬಲೆಗೆ ಬೀಳುತ್ತವೆ. ಕೆಸರಲ್ಲಿ ಮಾತ್ರ ಬಲೆ ಅಗೆಯಬೇಡಿ. ಕಾಲಿನಿಂದ ತಳ ಮೆಲ್ಲಗೆ ಕದಡಿ, ಎದ್ದ ಮೋಡದಂಥ ನೀರಲ್ಲಿ ಬಲೆ ಆಡಿಸಿದರೆ ಸಾಕು. ಅಂತರಗಂಗೆ ಇದ್ದರೆ ಒಂದು ಗಿಡ ಪೂರ್ತಿ ಎತ್ತಿ ಬೇರನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಜಾಲಿಸಿ. ಆ ಬೇರಿನ ಗಡ್ಡದಲ್ಲಿ ಎಷ್ಟು ಜೀವ ಇರುತ್ತದೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ.

ಟ್ರೇಯಲ್ಲಿ ನೋಡುವುದು

ಸಿಕ್ಕಿದ್ದನ್ನು ಟ್ರೇಗೆ ಸುರಿದು, ಎರಡು ಬೆರಳು ನೀರು ಹಾಕಿ, ನೆರಳಲ್ಲಿ ಇಡಿ. ದೊಡ್ಡ ಎಲೆ ಕಡ್ಡಿ ತೊಳೆದು ತೆಗೆಯಿರಿ. ಆಮೇಲೆ ಏನೂ ಮಾಡಬೇಡಿ. ಎರಡು ಮೂರು ನಿಮಿಷ ಸುಮ್ನೆ ನೋಡುತ್ತಾ ಇರಿ. ಮೊದಲು ಕಾಣುವುದು ಬರೀ ಕಸ, ನೀರು ತಿಳಿಯಾದ ಮೇಲೆ ಕಸದ ತುಂಡು ಒಂದು ತನ್ನಷ್ಟಕ್ಕೆ ನಡೆಯಲು ಶುರು ಮಾಡುತ್ತದೆ. ಅದೇ ಕ್ಯಾಡಿಸ್‌ಫ್ಲೈ ಮರಿ. ಬೇಗ ಓಡುವವನ್ನೆಲ್ಲ ಮೊದಲು ಹಿಡಿದು ನಿಧಾನದವನ್ನು ಮರೆಯುವುದು ಎಲ್ಲರಿಗೂ ಆಗುತ್ತದೆ, ಹಾಗಾಗಿ ಟ್ರೇಯನ್ನು ಮನಸ್ಸಲ್ಲೇ ನಾಲ್ಕು ಭಾಗ ಮಾಡಿ ಒಂದೊಂದು ಭಾಗ ಮುಗಿಸಿ ಮುಂದೆ ಹೋಗಿ. ಒಂದು ಜಾಗಕ್ಕೆ ಅರ್ಧ ಗಂಟೆ ಕೊಡಿ.

ಬರೀ ಕೈಯಲ್ಲಿ ಹಿಡಿಯಬೇಡಿ. ಚಪ್ಪಟೆ ದೊಡ್ಡ ತಿಗಣೆಗಳು, ಬೆನ್ನಡಿಯಾಗಿ ಈಜುವ ತಿಗಣೆಗಳು ಚುಚ್ಚಿದರೆ ಚೆನ್ನಾಗಿ ಉರಿಯುತ್ತದೆ.

ನೀರೊಳಗಿನ ಆಮ್ಲಜನಕವನ್ನೇ ನಂಬಿದವು

ಇವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕೆರೆಯ ತೀರ್ಪು ಇವುಗಳ ಮೇಲೆಯೇ ನಿಂತಿದೆ.

ಮೇಫ್ಲೈ ಮರಿ ಮೊದಲು. ತೆಳ್ಳಗೆ, ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಹಿಂದೆ ಮೂರು ದಾರದಂಥ ಬಾಲ. ಮಸೂರದಲ್ಲಿ ಹೊಟ್ಟೆಯ ಎರಡೂ ಮಗ್ಗುಲು ನೋಡಿ. ಸಣ್ಣ ಎಲೆಗಳಂಥ ಕಿವಿರುಗಳು ಸಾಲಾಗಿ ಇರುತ್ತವೆ, ಅವು ಒಂದರ ಹಿಂದೆ ಒಂದು ಅಲೆಯಂತೆ ಬಡಿಯುತ್ತವೆ. ಟ್ರೇ ನೀರು ಬಿಸಿಯಾದರೆ, ಆಮ್ಲಜನಕ ಇಳಿದರೆ ಆ ಬಡಿತ ಜೋರಾಗುತ್ತದೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ಸರ್ರನೆ ಈಜುವ ಬೀಟಿಡೆ ಕುಟುಂಬದ್ದು. ಇದು ಸ್ವಲ್ಪ ಮಾಲಿನ್ಯ ತಡೆದುಕೊಳ್ಳುತ್ತದೆ. ಇನ್ನೊಂದು ಕೆಸರಿನ ಮೇಲೆ ನಿಧಾನ ತೆವಳುವ ಸೀನಿಡೆ. ಇದರ ಬೆನ್ನ ಮೇಲೆ ಎರಡು ಚೌಕ ಮುಚ್ಚಳ ಇರುತ್ತದೆ, ಅದರ ಅಡಿಯಲ್ಲಿ ಕಿವಿರು. ಕೆಸರು ಒಳಗೆ ಹೋಗದಿರಲಿ ಅಂತ ಆ ಮುಚ್ಚಳ.

ಕ್ಯಾಡಿಸ್‌ಫ್ಲೈ ಮರಿ ಮರಳು, ಎಲೆಚೂರು, ಕಡ್ಡಿ ಅಂಟಿಸಿಕೊಂಡು ಕೊಳವೆ ಮಾಡಿಕೊಂಡು ಅದನ್ನು ಎಳೆಯುತ್ತಾ ನಡೆಯುತ್ತದೆ. ಕೆರೆಯಲ್ಲಿ ಇದು ಸಿಕ್ಕಿದರೆ ಖುಷಿಪಡಿ. ಕೊಳವೆ ಮಾತ್ರ ಸಿಕ್ಕಿ ಒಳಗೆ ಹುಳ ಇಲ್ಲದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಏರೋಪ್ಲೇನ್ ಚಿಟ್ಟೆಯ ಮರಿ ಗಿಡ್ಡ, ದಪ್ಪ, ಕೆಸರು ಬಣ್ಣ. ಕಿವಿರು ಗುದದೊಳಗೆ ಇರುತ್ತದೆ. ನೀರನ್ನು ಹಿಂದಿನಿಂದ ಒಳಗೆಳೆದು ಉಸಿರಾಡಿ ಹೊರಬಿಡುತ್ತದೆ, ಹೆದರಿದಾಗ ಅದೇ ನೀರನ್ನು ಜೋರಾಗಿ ಚಿಮ್ಮಿ ಮುಂದಕ್ಕೆ ಹಾರುತ್ತದೆ. ಗಲ್ಲದ ಅಡಿಯಲ್ಲಿ ಮಡಚಿಟ್ಟ ಒಂದು ಕೈ ಇದೆ, ಬೇಟೆ ಹತ್ತಿರ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಚಾಚಿ ಹಿಡಿಯುತ್ತದೆ. ಇದರ ಸಣ್ಣ ತಂಗಿ ಡ್ಯಾಮ್ಸೆಲ್‌ಫ್ಲೈ. ಅದರ ಮರಿ ಕಡ್ಡಿಯಂತೆ ತೆಳ್ಳಗೆ, ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು. ಮೇಫ್ಲೈ ಜೊತೆ ಇದನ್ನು ಬೆರೆಸಿಕೊಳ್ಳುವುದು ಬಹಳ ಸುಲಭ. ಗುರುತು ಇಷ್ಟೇ: ಬಾಲ ದಾರದಂತಿದ್ದು ಹೊಟ್ಟೆಯ ಮಗ್ಗುಲಲ್ಲಿ ಕಿವಿರು ಇದ್ದರೆ ಮೇಫ್ಲೈ, ಬಾಲವೇ ಎಲೆಯಂತಿದ್ದು ಮಗ್ಗುಲಲ್ಲಿ ಏನೂ ಇಲ್ಲದಿದ್ದರೆ ಡ್ಯಾಮ್ಸೆಲ್.

ಇದೇ ಗುಂಪಿನಲ್ಲಿ ಕೆಂಪು ಹುಳವೂ ಬರುತ್ತದೆ, ಆದರೆ ಅದರ ಕಥೆ ತಿರುಗುಮುರುಗು. ಕೈರೋನೊಮಿಡ್ ನೊಣದ ಮರಿ ಇದು. ಇದರ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಾಗೆಯೇ ಹಿಮೋಗ್ಲೋಬಿನ್ ಇದೆ, ಹಾಗಾಗಿ ಆಮ್ಲಜನಕ ತೀರಾ ಕಡಿಮೆ ಇರುವ ಕೆಸರಲ್ಲೂ ಬದುಕುತ್ತದೆ. ನಾಲ್ಕೈದು ಸಿಕ್ಕಿದರೆ ಅದು ಸಹಜ, ಎಲ್ಲ ಕೆರೆಯಲ್ಲೂ ಇರುತ್ತವೆ. ಟ್ರೇ ತುಂಬ ಅದೇ ಇದ್ದು ಬೇರೇನೂ ಇಲ್ಲದಿದ್ದರೆ ತಳ ಉಸಿರು ಕಟ್ಟಿದೆ ಅಂತ ಅರ್ಥ. ಸಂಜೆ ಕೆರೆ ಪಕ್ಕದ ಮನೆಗಳ ದೀಪಕ್ಕೆ ಮುತ್ತುವ ಕಚ್ಚದ ಸೊಳ್ಳೆ ಅನ್ನುತ್ತೇವಲ್ಲ, ಅವು ಎಷ್ಟೋ ಸಲ ಇದೇ ಹುಳ ರೆಕ್ಕೆ ಬಂದು ಹೊರಟದ್ದು.

ಮೇಲಿನ ಗಾಳಿಯನ್ನು ನಂಬಿದವು

ಬೆನ್ನಡಿಯಾಗಿ ಈಜುವ ನೋಟೊನೆಕ್ಟಿಡೆ, ಹುಟ್ಟು ಹಾಕಿದಂತೆ ಕಾಲು ಬೀಸುವ ಕೊರಿಕ್ಸಿಡೆ, ಬಾಲದಲ್ಲಿ ಉದ್ದ ಉಸಿರುಕೊಳವೆ ಇರುವ ನೀರುಚೇಳು ಮತ್ತು ನೀರುಕಡ್ಡಿ, ರೆಕ್ಕೆಯಡಿ ಗಾಳಿಗುಳ್ಳೆ ಇಟ್ಟುಕೊಂಡು ಮುಳುಗುವ ಜೀರುಂಡೆ, ಇವೆಲ್ಲ ಈ ಗುಂಪು. ಬೆನ್ನ ಮೇಲೆ ಮೊಟ್ಟೆ ಅಂಟಿಸಿಕೊಂಡ ಚಪ್ಪಟೆ ತಿಗಣೆ ಸಿಕ್ಕಿದರೆ ಅದು ಗಂಡು. ಹೆಣ್ಣು ಅವನ ಬೆನ್ನಿಗೇ ಮೊಟ್ಟೆ ಇಟ್ಟು ಹೋಗುತ್ತದೆ, ಮರಿಯಾಗುವವರೆಗೆ ಹೊತ್ತು ತಿರುಗುವುದು ಅವನ ಕೆಲಸ. ಅವನನ್ನು ಬೇಗ ನೀರಿಗೆ ಬಿಟ್ಟುಬಿಡಿ.

ಇವು ಕೆರೆಯಲ್ಲಿ ಇರುವುದು ಒಳ್ಳೆಯದೇ, ಸೊಳ್ಳೆ ಮರಿ ತಿನ್ನುತ್ತವೆ. ಆದರೆ ಆಮ್ಲಜನಕದ ಲೆಕ್ಕದಲ್ಲಿ ಇವುಗಳ ಮಾತು ನಡೆಯುವುದಿಲ್ಲ.

ಸೊಳ್ಳೆ ಮರಿಯೂ ಗಾಳಿ ಕುಡಿಯುತ್ತದೆ. ಮ್ಯಾನ್ಸೋನಿಯ ಅನ್ನುವ ಸೊಳ್ಳೆಯ ಮರಿ ಮೇಲೂ ಬರುವುದಿಲ್ಲ, ಅಂತರಗಂಗೆಯಂಥ ತೇಲುಗಿಡಗಳ ಬೇರಿಗೆ ಕೊಳವೆ ಚುಚ್ಚಿ ಅಲ್ಲಿಂದಲೇ ಗಾಳಿ ಹೀರುತ್ತದೆ. ಬಾಲ ಇಲಿಬಾಲದಂತೆ ಉದ್ದ ಚಾಚುವ ಬಿಳಿ ಹುಳ ಸಿಕ್ಕಿದರೆ ಅದು ಹೂನೊಣದ ಮರಿ, ಗಟ್ಟಿ ಕೊಳಚೆಯ ಗುರುತು. ನೀರ ಮೇಲೆ ಜಾರುತ್ತಾ ಓಡುವ ಉದ್ದ ಕಾಲಿನ ತಿಗಣೆಗಳನ್ನು ಬೇರೆಯಾಗಿ ಬರೆದುಕೊಳ್ಳಿ. ಅವು ನಿಂತಿರುವುದು ನೀರಿನ ಮೇಲ್ಪದರದ ಬಿಗಿತದ ಮೇಲೆ. ಸೋಪು, ಡಿಟರ್ಜೆಂಟ್, ಎಣ್ಣೆ ಸೇರಿದರೆ ಆ ಬಿಗಿತ ಹೋಗುತ್ತದೆ. ಬಟ್ಟೆ ಒಗೆಯುವ ಕಟ್ಟೆ ಹತ್ತಿರ ಇವು ಇವೆಯೋ ಇಲ್ಲವೋ ನೋಡಿ.

ಲೆಕ್ಕ: ಅಂಕ ಹಾಕುವುದು

ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ನದಿಗಳಿಗಾಗಿ ಬಿಎಂಡಬ್ಲ್ಯುಪಿ ಅನ್ನುವ ಅಂಕಪದ್ಧತಿ ಶುರು ಮಾಡಿದರು. ಪ್ರತಿ ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ. ಮಾಲಿನ್ಯಕ್ಕೆ ಬೇಗ ಸೋಲುವುದಕ್ಕೆ ಜಾಸ್ತಿ, ತಡೆದುಕೊಳ್ಳುವುದಕ್ಕೆ ಕಡಿಮೆ. ಸಿಕ್ಕಿದ ಕುಟುಂಬಗಳ ಅಂಕ ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಒಂದು ಕುಟುಂಬದಲ್ಲಿ ಒಂದೇ ಹುಳ ಸಿಗಲಿ, ನೂರು ಸಿಗಲಿ, ಅಂಕ ಒಂದೇ ಸಲ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದನ್ನೇ ಆಧಾರವಾಗಿಟ್ಟುಕೊಂಡು ತನ್ನ ಕ್ರಮ ಮಾಡಿಕೊಂಡಿದೆ.

ಲೆಕ್ಕ ತೋರಿಸಲು ಎರಡು ಕೆರೆ ಊಹಿಸಿಕೊಳ್ಳೋಣ. ಮೊದಲನೆಯದರಲ್ಲಿ ಕ್ಯಾಡಿಸ್ ಲೆಪ್ಟೊಸೆರಿಡೆ 10, ಏರೋಪ್ಲೇನ್ ಚಿಟ್ಟೆ ಲಿಬೆಲ್ಲುಲಿಡೆ 8, ಮೇಫ್ಲೈ ಸೀನಿಡೆ 7, ಡ್ಯಾಮ್ಸೆಲ್ ಸೀನಾಗ್ರಿಯೊನಿಡೆ 6, ಮೇಫ್ಲೈ ಬೀಟಿಡೆ 4, ಕೆಂಪು ಹುಳ 2, ಜೊತೆಗೆ ಜೀರುಂಡೆ ಡೈಟಿಸಿಡೆ, ನೋಟೊನೆಕ್ಟಿಡೆ, ನೀರುಚೇಳಿನ ನೆಪಿಡೆ ತಲಾ 5. ಒಟ್ಟು 52, ಒಂಬತ್ತು ಕುಟುಂಬ, ಸರಾಸರಿ 5.8. ಎರಡನೆಯದರಲ್ಲಿ ಕೆಂಪು ಹುಳ 2, ಜಿಗಣೆ 3, ಎರೆಹುಳದಂಥ ಸಣ್ಣ ಕೆಸರುಹುಳ 1, ಮತ್ತೆ ಡೈಟಿಸಿಡೆ, ನೋಟೊನೆಕ್ಟಿಡೆ, ಕೊರಿಕ್ಸಿಡೆ ತಲಾ 5. ಒಟ್ಟು 21, ಆರು ಗುಂಪು, ಸರಾಸರಿ 3.5. ಜಿಗಣೆ, ಕೆಸರುಹುಳ ಕೀಟಗಳಲ್ಲ, ಆದರೂ ಈ ಪಟ್ಟಿಯಲ್ಲಿ ಅವಕ್ಕೂ ಜಾಗ ಇದೆ.

ಈಗ ಗಾಳಿ ಕುಡಿಯುವವನ್ನು ಎರಡೂ ಕಡೆ ತೆಗೆದುಹಾಕಿ. ಮೊದಲನೆಯದು 37ನ್ನು ಆರರಿಂದ ಭಾಗಿಸಿ 6.2 ಆಗುತ್ತದೆ. ಎರಡನೆಯದು 6ನ್ನು ಮೂರರಿಂದ ಭಾಗಿಸಿ ನೇರ 2ಕ್ಕೆ ಇಳಿಯುತ್ತದೆ. ಕೊಳಚೆ ಕೆರೆಯನ್ನು 3.5ರವರೆಗೆ ಎತ್ತಿ ಹಿಡಿದಿದ್ದು ಆ ಮೂರು ಹಾರಿಬಂದ ಜಾತಿಗಳೇ ಅಂತ ಗೊತ್ತಾಯಿತಲ್ವಾ? ನಾನು ಎರಡೂ ಅಂಕ ಬರೆದಿಡುತ್ತೇನೆ. ಹೊರಗಿನವರಿಗೆ ಹೋಲಿಸಲು ಮೊದಲನೆಯದು, ಕೆರೆ ಅರ್ಥ ಮಾಡಿಕೊಳ್ಳಲು ಎರಡನೆಯದು.

ಹೊಳೆ ಹಳ್ಳಗಳಿಗೆ ಬಳಸುವ ಇಪಿಟಿ ಲೆಕ್ಕವನ್ನು, ಅಂದರೆ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಈ ಮೂರು ಗುಂಪು ಎಣಿಸುವುದನ್ನು ಕೆರೆಗೆ ತರಬೇಡಿ. ಅದರಲ್ಲಿ ಒಂದು ಗುಂಪು ಸ್ಟೋನ್‌ಫ್ಲೈ. ಅದಕ್ಕೆ ತಣ್ಣಗೆ ಹರಿಯುವ ನೀರು ಬೇಕು, ನಮ್ಮ ಕೆರೆಗಳಲ್ಲಿ ಹುಡುಕುವುದು ದಂಡ. ಅದರ ಬದಲು ಮೇಫ್ಲೈ, ಕ್ಯಾಡಿಸ್, ಏರೋಪ್ಲೇನ್ ಚಿಟ್ಟೆ ಗುಂಪು, ಈ ಮೂರರಲ್ಲಿ ಒಟ್ಟು ಎಷ್ಟು ಬಗೆ ಸಿಕ್ಕವು ಅಂತ ಎಣಿಸಿ. ಸುಲಭದ ಲೆಕ್ಕ, ಶಾಲೆ ಮಕ್ಕಳೂ ಮಾಡಬಹುದು.

ಹೆಸರು ಗೊತ್ತಿಲ್ಲದಿದ್ದರೂ ಮಾಡಬಹುದಾದ ಲೆಕ್ಕ

ಮಂಡಳಿಯ ಕ್ರಮದಲ್ಲಿ ವೈವಿಧ್ಯದ ಅಂಕ ಅಂತ ಇನ್ನೊಂದಿದೆ, ಇದಕ್ಕೆ ಒಂದು ಹೆಸರೂ ಗೊತ್ತಿರಬೇಕಿಲ್ಲ. ಸಿಕ್ಕ ಹುಳಗಳನ್ನು ಆರಿಸದೆ ಒಂದೊಂದಾಗಿ ತೆಗೆಯುತ್ತಾ ಹೋಗಿ. ಪ್ರತಿಯೊಂದೂ ಹಿಂದಿನದರಂತೆಯೇ ಇದೆಯೋ ಬೇರೆಯೋ, ಅಷ್ಟೇ ಪ್ರಶ್ನೆ. ಕೆಂಪು, ಕೆಂಪು, ಕೆಂಪು, ಮೇಫ್ಲೈ, ಕೆಂಪು, ಕೆಂಪು, ತಿಗಣೆ, ಕೆಂಪು, ಕೆಂಪು, ಕೆಂಪು ಅಂತ ಬಂತು ಅನ್ನಿ. ಒಂದೇ ಬಗೆಯ ಓಟ ಮುರಿದಾಗಲೆಲ್ಲ ಹೊಸ ಗುಂಪು. ಇಲ್ಲಿ ಐದು ಗುಂಪು, ಹತ್ತು ಹುಳ, ಅಂಕ 0.5. ನಿಜವಾಗಿ ಮಾಡುವಾಗ ಐವತ್ತು ಹುಳವಾದರೂ ಬೇಕು. ಅಂಕ 1ರ ಹತ್ತಿರ ಇದ್ದರೆ ಬಗೆಬಗೆಯವು ಬೆರೆತಿವೆ, 0.2ಕ್ಕಿಂತ ಕೆಳಗಿದ್ದರೆ ಒಂದೇ ಜಾತಿಯ ರಾಜ್ಯ.

ಮಂಡಳಿ ಕುಟುಂಬಗಳ ಸರಾಸರಿ ಅಂಕ, ಈ ವೈವಿಧ್ಯದ ಅಂಕ ಎರಡನ್ನೂ ಸೇರಿಸಿ ನೀರನ್ನು ಎ ಇಂದ ಇ ವರೆಗೆ ಐದು ದರ್ಜೆ ಮಾಡುತ್ತದೆ. ಸರಾಸರಿ 7 ಅಥವಾ ಜಾಸ್ತಿ ಇದ್ದರೆ ಎ, ಶುದ್ಧ. ಸರಾಸರಿ 0ರಿಂದ 2, ವೈವಿಧ್ಯ 0.2 ಒಳಗಿದ್ದರೆ ಇ, ತೀವ್ರ ಮಾಲಿನ್ಯ. ಹರಿಯುವ ನೀರಿಗೆ ಅಂತ ಹುಟ್ಟಿದ ಅಂಕ ಇದು, ಆದ್ದರಿಂದ ಸಾಕಷ್ಟು ಚೆನ್ನಾಗಿರುವ ಕೆರೆಯೂ 3ರಿಂದ 6ರ ನಡುವಿನ ಸಿ ದರ್ಜೆಯಲ್ಲಿ, ಮಧ್ಯಮ ಮಾಲಿನ್ಯ ಅಂತ ಕೂರಬಹುದು. ಅದಕ್ಕೆ ಗಾಬರಿ ಬೇಡ. ನಿಮ್ಮ ಕೆರೆಯನ್ನು ಅದೇ ಕೆರೆಯ ಹಿಂದಿನ ವರ್ಷದ ಜೊತೆ, ಇಲ್ಲವೇ ಪಕ್ಕದ ಊರಿನ ಒಳ್ಳೆ ಕೆರೆಯ ಜೊತೆ ಹೋಲಿಸಿ.

ಅಂಕ ಕಡಿಮೆ ಬಂದರೆ ಕೂಡಲೇ ಚರಂಡಿಯನ್ನು ದೂರಬೇಡಿ

ಇಲ್ಲಿ ತಾಳ್ಮೆ ಬೇಕು. ಹುಳ ಕಡಿಮೆಯಾಗಲು ಬೇರೆ ಕಾರಣಗಳೂ ಇವೆ.

ಮೀನು ಮೊದಲ ಕಾರಣ. ತಿಲಾಪಿಯ, ಸೊಳ್ಳೆ ತಿನ್ನಲಿ ಅಂತ ಬಿಟ್ಟ ಗಾಂಬೂಸಿಯ, ಗಪ್ಪಿ, ಇವು ಸೊಳ್ಳೆ ಮರಿಯನ್ನಷ್ಟೇ ತಿನ್ನುತ್ತವೆ ಅಂದುಕೊಳ್ಳಬೇಡಿ, ಮೇಫ್ಲೈ, ಡ್ಯಾಮ್ಸೆಲ್ ಮರಿ ಎಲ್ಲ ಖಾಲಿ ಮಾಡುತ್ತವೆ. ಅಂಥ ಕೆರೆಯಲ್ಲಿ ದಟ್ಟ ಗಿಡದ ನಡುವೆ ಮಾತ್ರ ಹುಳ ಉಳಿದಿರುತ್ತವೆ.

ಎರಡನೆಯದು ಅಂಚು. ಅಭಿವೃದ್ಧಿ ಅಂತ ಸುತ್ತ ಕಡಿದಾದ ಏರಿ ಹಾಕಿ, ಕಲ್ಲು ಹೊದಿಸಿ, ಮೇಲೆ ವಾಕಿಂಗ್ ಪಾತ್ ಮಾಡಿದ ಕೆರೆಗಳನ್ನು ನೋಡಿ. ನೀರು ತಿಳಿಯಾಗಿಯೇ ಇರಬಹುದು. ಆದರೆ ಮೊಣಕಾಲುದ್ದದ ತೆಳು ನೀರಿಲ್ಲ, ಹುಲ್ಲಿಲ್ಲ, ಜೊಂಡಿಲ್ಲ. ಮರಿ ಮಾಡಲು, ಹತ್ತಿ ಬಂದು ರೆಕ್ಕೆ ಒಣಗಿಸಲು ಜಾಗವೇ ಇಲ್ಲದ ಮೇಲೆ ಹುಳ ಎಲ್ಲಿಂದ ಬರಬೇಕು? ಬಟ್ಟಲಿನ ಹಾಗೆ ಕೊರೆದು ನೀರು ನಿಲ್ಲಿಸಿದರೆ ಕೆರೆಯಾಗುವುದಿಲ್ಲ ಅನ್ನುವುದನ್ನು ಹುಳಗಳಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಲಾರರು. ಕೆರೆ ಕೆಲಸದ ಅಂದಾಜುಪಟ್ಟಿ ಮಾಡುವವರಿಗೆ ಈ ಮಾತು ಮುಟ್ಟಬೇಕು ಅಂತ ನನಗೆ ಬಹಳ ಅನಿಸುತ್ತದೆ.

ಮೂರನೆಯದು ಕೀಟನಾಶಕ. ಕೆರೆಗೆ ಗದ್ದೆ, ತೋಟದ ಬಸಿನೀರು ಬರುತ್ತಿದ್ದರೆ ಇದನ್ನು ಅನುಮಾನಿಸಿ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ತೀರಾ ಕಡಿಮೆ ಪ್ರಮಾಣದಲ್ಲೂ ಮೇಫ್ಲೈ ಮರಿಗಳನ್ನು ಕೊಲ್ಲುತ್ತದೆ. ಗುರುತು ಹೀಗೆ: ನೀರು ತಿಳಿ, ವಾಸನೆ ಇಲ್ಲ, ಗಿಡ ಇದೆ, ಬಸವನಹುಳ ಬೇಕಾದಷ್ಟು, ಮೇಫ್ಲೈ ಮಾತ್ರ ಒಂದೂ ಇಲ್ಲ. ಆಗ ಸುತ್ತಲ ಹೊಲದವರನ್ನು ಯಾವಾಗ, ಏನು ಹೊಡೆದಿರಿ ಅಂತ ವಿಶ್ವಾಸದಿಂದ ಕೇಳಿ. ಸೊಳ್ಳೆಗೆ ಅಂತ ಪಾಲಿಕೆಯವರು ಇತ್ತೀಚೆಗೆ ಔಷಧಿ ಸಿಂಪಡಿಸಿದ್ದರೆ ಅದನ್ನೂ ಬರೆದುಕೊಳ್ಳಿ.

ಏರಿ ಮೇಲೆ ನಿಂತೇ ನೋಡುವುದು

ನೀರಿಗಿಳಿಯಲು ಆಗದವರು ದೊಡ್ಡ ಏರೋಪ್ಲೇನ್ ಚಿಟ್ಟೆಗಳನ್ನು ಎಣಿಸಬಹುದು, ಬಿಸಿಲಿರುವ ದಿನ ಹತ್ತರಿಂದ ಹನ್ನೆರಡರ ಒಳಗೆ. ಆದರೆ ಹಾರುವುದನ್ನೆಲ್ಲ ನಂಬಬೇಡಿ. ಮಳೆಗಾಲದ ಕೊನೆಗೆ ಮೈದಾನದ ಮೇಲೆಲ್ಲ ಹಿಂಡಾಗಿ ಸುತ್ತುವ ಹಳದಿಯದು ಹಿಂದೂ ಮಹಾಸಾಗರ ದಾಟಿ ಹೋಗುವ ವಲಸೆಗಾರ, ನಿಮ್ಮ ಕೆರೆಗೆ ಸಂಬಂಧವೇ ಇಲ್ಲದಿರಬಹುದು. ರೆಕ್ಕೆಯಲ್ಲಿ ಕಿತ್ತಳೆ ಬಣ್ಣ ಇರುವ ಸಣ್ಣದೊಂದು ಕೊಳಚೆ ಹತ್ತಿರವೂ ಆರಾಮಾಗಿ ಕೂರುತ್ತದೆ, ಡಿಚ್ ಜ್ಯುವೆಲ್ ಅನ್ನುತ್ತಾರೆ. ಅದೊಂದೇ ನೂರಾರು ಇದ್ದರೆ ಅದು ಶುಭಸುದ್ದಿ ಅಲ್ಲ. ಲಿಬೆಲ್ಲುಲಿಡೆಗೆ ಬ್ರಿಟಿಷರು ಕೊಟ್ಟ 8 ಅಂಕ ನಮ್ಮಲ್ಲಿ ಯಾಕೆ ಪೂರ್ತಿ ನಂಬಲಾಗದು ಅನ್ನುವುದಕ್ಕೆ ಇದೇ ಕಾರಣ, ಇದೂ ಅದೇ ಕುಟುಂಬ.

ನಂಬಬಹುದಾದ ಸಾಕ್ಷಿ ಪೊರೆ. ಜೊಂಡಿನ ಕಡ್ಡಿ, ಕಲ್ಲು, ತೂಬಿನ ಕಂಬದ ಮೇಲೆ ನೀರಿನಿಂದ ಒಂದೆರಡು ಗೇಣು ಮೇಲೆ ಹುಡುಕಿ. ಮರಿ ಹತ್ತಿ ಬಂದು ಬೆನ್ನು ಸೀಳಿ ಹೊರಟುಹೋದ ಮೇಲೆ ಉಳಿದ ಒಣ ಚಿಪ್ಪು ಅಲ್ಲೇ ಅಂಟಿರುತ್ತದೆ, ಸೀಳಿದ ಜಾಗದಲ್ಲಿ ಬಿಳಿ ದಾರಗಳು ಕಾಣುತ್ತವೆ. ಅದು ಸಿಕ್ಕಿದರೆ ಆ ಮರಿ ಇದೇ ಕೆರೆಯಲ್ಲಿ ಬೆಳೆದು ಮುಗಿಸಿತು ಅಂತ ಖಾತ್ರಿ.

ಬರೆದಿಡುವುದು, ತೊಳೆಯುವುದು, ಮತ್ತೆ ಹೋಗುವುದು

ದಿನಾಂಕ, ಹೊತ್ತು, ಜಾಗ, ಹಿಂದಿನ ಮಳೆ ಯಾವಾಗ, ನೀರಿನ ಬಣ್ಣ ವಾಸನೆ, ಎಷ್ಟು ನಿಮಿಷ ಬಲೆ, ಯಾವ ಬಗೆ ಎಷ್ಟೆಷ್ಟು. ಗುರುತು ಸಿಗದ್ದಕ್ಕೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಕ್ಕೆ ಹಾಕಿ. ಹುಳಗಳನ್ನು ತೆಗೆದ ಜಾಗದಲ್ಲೇ ಬಿಡಿ. ಬಲೆ, ಬೂಟು ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸದೆ ಇನ್ನೊಂದು ಕೆರೆಗೆ ಒಯ್ಯಬೇಡಿ. ಒಂದು ತುಂಡು ಅಂತರಗಂಗೆ ಅಂಟಿಕೊಂಡು ಹೋದರೂ ಸಾಕು, ಆ ಕೆರೆಯ ಕಥೆ ಮುಗಿಯಿತು.

ಪಂಚಾಯಿತಿಗೆ ಕೊಡುವುದಾದರೆ ಒಂದೇ ಹಾಳೆ ಸಾಕು: ಕೆರೆಯ ಕೈನಕ್ಷೆ, ನಾಲ್ಕು ಜಾಗದ ಅಂಕ, ಯಾವ ಕಾಲುವೆ ಬಾಯಲ್ಲಿ ತೀರಾ ಕೆಟ್ಟಿದೆ ಅನ್ನುವುದು. ಆ ಕಾಲುವೆಯ ಕೊಳಚೆ ತಡೆದರು ಅಂತಿಟ್ಟುಕೊಳ್ಳಿ. ಮರುತಿಂಗಳೇ ಅಂಕ ಏರುವುದಿಲ್ಲ. ಹೂಳಲ್ಲಿ ವರ್ಷಗಟ್ಟಲೆ ಸೇರಿದ ಕೊಳೆ ನೀರಿಗೆ ಬಿಡುತ್ತಲೇ ಇರುತ್ತದೆ. ಗಾಳಿ ಕುಡಿಯುವವು ಹೇಗೂ ಇರುತ್ತವೆ, ಆಮೇಲೆ ಬೀಟಿಡೆ ಮೇಫ್ಲೈ ಬರುತ್ತದೆ, ಸೀನಿಡೆ ಮತ್ತು ಕ್ಯಾಡಿಸ್ ತಡ. ಹಾಗಾಗಿ ಅದೇ ನಾಲ್ಕು ಜಾಗದಲ್ಲಿ, ಅದೇ ಬಲೆಯಲ್ಲಿ, ಅದೇ ಮೂರು ನಿಮಿಷ, ಪ್ರತಿ ಡಿಸೆಂಬರ್ ಮತ್ತು ಫೆಬ್ರವರಿಯಲ್ಲಿ ಹೋಗುತ್ತಿರಿ, ಮೊದಲ ಸೀನಿಡೆ ಯಾವ ಜಾಗದಲ್ಲಿ ಸಿಕ್ಕಿತು ಅನ್ನುವುದನ್ನು ನಕ್ಷೆಯಲ್ಲಿ ಗುರುತು ಹಾಕಿ.